ಫ್ರಿಜ್ಜಿಗೊಂದು ನಲ್ಲಿ

ಬೀದಿಯವರೆಲ್ಲ ಅವನನ್ನು ತಂಪಣ್ಣ ಎಂದೇ ಕರೆಯುತ್ತಿದ್ದರು. ಫ್ರಿಜ್ ಮೆಕ್ಯಾನಿಕ್ಕಿಗೆ ಒಪ್ಪುವ ಹೆಸರು. ಅವನ ಸ್ವಭಾವಕ್ಕೆ ಮಾತ್ರ ಒಪ್ಪುತ್ತಿರಲಿಲ್ಲ. ಬೆಳಗ್ಗೆ ವ್ಯಾನಿನ ಬಾಗಿಲು ಒಂದೇ ಸಲಕ್ಕೆ ಮುಚ್ಚಿಕೊಳ್ಳದಿದ್ದರೆ ಸಾಕು, ಊಟದ ಹೊತ್ತಿನವರೆಗೂ ಅವನು ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದ.

ಇಪ್ಪತ್ತೆರಡು ವರ್ಷಗಳಿಂದ ಅವನು ಊರಿನ ಹೋಟೆಲು, ಬಾರುಗಳ ಕೂಲರುಗಳನ್ನು ನೋಡಿಕೊಳ್ಳುತ್ತಿದ್ದ. ಡ್ರಾಫ್ಟ್ ಬಿಯರಿನ ಬ್ಯಾರಲ್ಲು, ಬಿಯರನ್ನು ತಳ್ಳುವ ಗ್ಯಾಸಿನ ಸಿಲಿಂಡರು, ಗೋಡೆಯೊಳಗೆ ಓಡುವ ಪೈಪು, ಕೌಂಟರಿನ ಮೇಲಿನ ನಲ್ಲಿ, ಇವೆಲ್ಲ ಅವನಿಗೆ ಅಂಗೈ ರೇಖೆಯಷ್ಟು ಪರಿಚಿತ. ಬಾಟಲಿಯ ಬಿಯರು ಅವನಿಗೆ ಹಿಡಿಸುತ್ತಿರಲಿಲ್ಲ. ನಲ್ಲಿಯಿಂದ ಇಳಿದದ್ದು, ಮೇಲೆ ಎರಡು ಬೆರಳು ನೊರೆ, ಹೊರಗೆ ಲೋಟ ಬೆವತಿರಬೇಕು. ಅಂಥದ್ದು ವಾರಕ್ಕೆ ಒಂದು ಲೋಟ, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚಿನ ಆಸೆಯೇನೂ ಅವನಿಗೆ ಇರಲಿಲ್ಲ.

ಆದರೆ ಆ ಒಂದು ಲೋಟಕ್ಕೇ ಕಲ್ಲು ಬೀಳುತ್ತಿತ್ತು. ಯಾವ ಬಾರಿಗೆ ಹೋದರೂ ಅಲ್ಲಿನವರಿಗೆ ಅವನು ಗಿರಾಕಿಯಾಗಿ ಕಾಣುತ್ತಲೇ ಇರಲಿಲ್ಲ. "ಹೇಗೂ ಬಂದಿದೀರಲ್ಲ, ಒಂದ್ನಿಮಿಷ ಆ ಐಸ್ ಮಷಿನ್ ನೋಡ್ಬಿಡಿ" ಎನ್ನುವರು. ತನ್ನ ಹುಟ್ಟಿದ ದಿನ ಅವನು ಬೇಕೆಂತಲೇ ಊರಿನ ಇನ್ನೊಂದು ತುದಿಗೆ, ಒಂದು ನರಪಿಳ್ಳೆಗೂ ತನ್ನ ಪರಿಚಯವಿಲ್ಲದ ಹೊಸ ಬಾರಿಗೆ ಹೋದ. ಲೋಟ ಬಂತು. ನೊರೆ ಎರಡು ಬೆರಳು ಸರಿಯಾಗಿತ್ತು. ತುಟಿಗೆ ತಾಗಿಸುವಷ್ಟರಲ್ಲಿ ತಂದಿಟ್ಟ ವೇಟರೇ ಕಣ್ಣರಳಿಸಿದ. "ಅಣ್ಣಾ, ನೀವಾ? ನಾನು ಮೊದಲು ಸ್ಟೇಷನ್ ಹತ್ರದ ಬಾರಲ್ಲಿದ್ದೆ. ದೇವರು ಕಳಿಸಿದ ಹಾಗೆ ಬಂದ್ರಿ ನೋಡಿ! ಒಳಗೆ ಕೂಲರ್ ಬೆಳಗ್ಗಿಂದ ಗೊರಗೊರ ಅಂತಿದೆ."

ತಂಪಣ್ಣ ಒಂದು ಗಂಟೆ ಕೂಲರಿನ ಹಿಂದೆ ಮಂಡಿಯೂರಿ ಕೂತ. ಕೈ ಒರೆಸಿಕೊಂಡು ಹೊರಗೆ ಬಂದಾಗ ಅವನ ಮೇಜನ್ನು ಯಾರೋ ಒರೆಸಿ ಸ್ವಚ್ಛ ಮಾಡಿದ್ದರು. ಲೋಟ ಇರಲಿಲ್ಲ. ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಅವತ್ತೇ ನಿರ್ಧಾರವಾಯಿತು. ಇನ್ನು ಕುಡಿದರೆ ಮನೆಯಲ್ಲೇ ಕುಡಿಯಬೇಕು, ಅದೂ ಡ್ರಾಫ್ಟನ್ನೇ.

ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ಮುಖ ಮಾಡಿದ ಬಾಲ್ಕನಿ. ಇರುವವರು ಮೂವರು: ಅವನು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಅವನ ಹೆಂಡತಿ, ಮತ್ತು ಹೆಂಡತಿಯ ಅಪ್ಪ. ಮಾವ ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೈದು ವರ್ಷ ವಾಲ್ವ್ ತಿರುಗಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ತಿರುಗಿಸಲು ವಾಲ್ವ್ ಇಲ್ಲದೆ ಮನೆಯ ನಲ್ಲಿಗಳನ್ನೇ ಬಿಗಿ ಮಾಡುತ್ತಾ, ಸಡಿಲ ಮಾಡುತ್ತಾ ಇರುತ್ತಿದ್ದರು. ಹೆಂಡತಿಯ ತಮ್ಮನಿಗೆ ಎರಡು ಬೀದಿ ಆಚೆ ಬೇರೆ ಮನೆ ಇತ್ತು. ಆದರೂ ಊಟದ ಹೊತ್ತಿಗೆ ಅವನು ಇಲ್ಲೇ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಎಲ್ಲರ ಪಕ್ಕದಲ್ಲಿ ಕೂತು ಹೀಗೆ ಮಾಡಿ, ಹಾಗೆ ಮಾಡಿ ಅನ್ನುವ ಚಾಳಿ ಅವನಿಗೆ ಕಾರಿನಿಂದ ಇಳಿದ ಮೇಲೂ ಬಿಡುತ್ತಿರಲಿಲ್ಲ.

ಒಂದು ಬೇಕರಿ ಮುಚ್ಚುವಾಗ ಅಲ್ಲಿನ ದೊಡ್ಡ ಫ್ರಿಜ್ಜನ್ನು ತಂಪಣ್ಣ ಸಸ್ತಾದಲ್ಲಿ ತಂದು ಬಾಲ್ಕನಿಯಲ್ಲಿ ನಿಲ್ಲಿಸಿದ. ಅದು ತನಗೇ ಎಂದು ಹೆಂಡತಿ ತಿಳಿದಳು. ತಿಳಿಯುವುದಕ್ಕೆ ಕಾರಣವಿತ್ತು. ಅಡುಗೆಮನೆಯ ಫ್ರಿಜ್ಜಿನ ಬಾಗಿಲು ಎರಡು ವರ್ಷದಿಂದ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಒಂದು ದಾರ ಕಟ್ಟಿ ಮೊಳೆಗೆ ಸಿಕ್ಕಿಸುತ್ತಿದ್ದರು. ಕೆಳಗಿನ ತಟ್ಟೆಯಲ್ಲಿ ದಿನಾ ನೀರು ತುಂಬುತ್ತಿತ್ತು. ಅವಳು ಹೇಳುತ್ತಿದ್ದಳು, ಅವನು "ಮಾಡೋಣ" ಅನ್ನುತ್ತಿದ್ದ. ಬೇಕರಿಯ ಫ್ರಿಜ್ ಬಂದ ದಿನ ಅವಳು ಅಡುಗೆಮನೆಯ ಮೂಲೆಯನ್ನು ಟೇಪಿನಿಂದ ಅಳೆದಳು, ಎರಡು ಡಬ್ಬಿಗಳ ಜಾಗ ಬದಲಿಸಿದಳು, ಲ್ಯಾಬಿನಲ್ಲಿ ಜೊತೆಯವರಿಗೂ ಹೇಳಿದಳು.

ಮಾರನೆಯ ದಿನ ಡ್ಯೂಟಿ ಮುಗಿಸಿ ಬಂದರೆ ಫ್ರಿಜ್ಜಿನ ಬಾಗಿಲಲ್ಲಿ ತೂತು. ತೂತಿನಲ್ಲಿ ಫಳಫಳ ಹೊಳೆಯುವ ನಲ್ಲಿ.

"ಇದೇನ್ರೀ ಇದು?"

"ನಲ್ಲಿ."

"ಅದು ಕಾಣ್ತಿದೆ. ಫ್ರಿಜ್ಜಿಗ್ಯಾಕೆ ನಲ್ಲಿ?"

ತಂಪಣ್ಣ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ತನ್ನ ದನಿ ಸಣ್ಣದಾಗುತ್ತಿರುವುದು ಕೇಳಿಸಿತು. ಅವಳು ಬ್ಯಾಗು ಹೆಗಲಿನಿಂದ ಇಳಿಸದೆ ಪೂರ್ತಿ ಕೇಳಿಸಿಕೊಂಡಳು.

"ನಮ್ಮ ಲ್ಯಾಬಲ್ಲಿ ಯಾರ್ಯಾರದೋ ರಕ್ತ ನಾಲ್ಕು ಡಿಗ್ರೀಲಿ ಹಾಯಾಗಿರುತ್ತೆ. ನಮ್ಮನೆ ಹಾಲು ಮಾತ್ರ ದಿನಾ ಒಡೆಯುತ್ತೆ," ಎಂದಳು. "ಆಯ್ತು. ನಿಮ್ಮ ಬಿಯರಾದ್ರೂ ತಣ್ಣಗಿರಲಿ."

ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಕೂಗಾಡಿದ್ದರೆ ತಂಪಣ್ಣನೂ ಕೂಗಾಡಿ ಹಗುರಾಗುತ್ತಿದ್ದ. ಅವಳು ಸುಮ್ಮನಿದ್ದದ್ದರಿಂದ ಮುಂದಿನ ನಾಲ್ಕು ದಿನ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಶನಿವಾರ ಬ್ಯಾರಲ್ ಬರಬೇಕಿತ್ತು. ಹತ್ತು ಲೀಟರಿನ ಚಿಕ್ಕದು. ತಂಪಣ್ಣನ ವ್ಯಾನಿನ ತುಂಬ ಯಾವುದೋ ಹೋಟೆಲಿನ ಬಿಚ್ಚಿದ ಕೂಲರಿತ್ತು. ಹಾಗಾಗಿ, ಮನಸ್ಸಿಲ್ಲದಿದ್ದರೂ, ತರುವ ಕೆಲಸವನ್ನು ಭಾವಮೈದುನನಿಗೆ ಒಪ್ಪಿಸಿದ. ಫೋನಿನಲ್ಲಿ ಮೂರು ಸಲ ಹೇಳಿದ: "ನಿಲ್ಲಿಸ್ಕೊಂಡು ತಾ. ಮಲಗಿಸ್ಬೇಡ. ಉರುಳಿಸ್ಬೇಡ. ಕುಲುಕಬೇಡ. ಕೇಳಿಸ್ತಾ?"

"ಭಾವ, ನಾನು ದಿನಾ ಜನರ ಪ್ರಾಣ ಸಾಗಿಸೋನು. ಒಂದು ಬ್ಯಾರಲ್ ತರಕ್ಕೆ ಬರಲ್ವಾ?"

ಅರ್ಧ ಗಂಟೆಯ ದಾರಿ. ಎರಡು ಗಂಟೆಯಾದರೂ ಪತ್ತೆಯಿಲ್ಲ. ತಂಪಣ್ಣ ಬಾಲ್ಕನಿಯಿಂದ ಬಗ್ಗಿ ನೋಡುತ್ತಲೇ ಇದ್ದ. ಕೊನೆಗೆ ಬೀದಿಯ ಕೊನೆಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಕಾಣಿಸಿತು. ಅದು ಜಿಂಕೆಯ ಹಾಗೆ ಎಗರಿತು, ನಿಂತಿತು, ಮತ್ತೆ ಎಗರಿತು. ಸ್ಟೀರಿಂಗ್ ಹಿಡಿದಿದ್ದವರು ದಪ್ಪ ಕನ್ನಡಕದ ಒಬ್ಬ ಹೆಂಗಸು. ಭಾವಮೈದುನ ಪಕ್ಕದಲ್ಲಿ ಕೂತು ಕೈ ಬೀಸುತ್ತಾ ಪಾಠ ಹೇಳುತ್ತಿದ್ದ. ಹಿಂದಿನ ಸೀಟಿನಲ್ಲಿ ಬ್ಯಾರಲ್ಲು ಅಂಗಾತ ಮಲಗಿ ಆ ಬಾಗಿಲಿಂದ ಈ ಬಾಗಿಲಿಗೆ ಉರುಳಾಡುತ್ತಿತ್ತು.

"ದಾರೀಲೇ ಆ ಮೇಡಂದೊಂದು ಕ್ಲಾಸಿತ್ತು ಭಾವ," ಎಂದ ಅವನು, ಬ್ಯಾರಲ್ಲನ್ನು ಮೂರನೇ ಮಹಡಿಯ ಕೊನೆಯ ಮೆಟ್ಟಿಲಿಗೆ ದಡಾರನೆ ಕುಕ್ಕಿ. "ರಿವರ್ಸ್ ಗೇರ್ ಇವತ್ತೇ ಶುರು ಮಾಡಿದ್ದು."

ತಂಪಣ್ಣ ಹಲ್ಲು ಕಚ್ಚಿದ. ಈಗ ಅದನ್ನು ಮುಟ್ಟಬಾರದು, ಒಂದು ದಿನ ಫ್ರಿಜ್ಜಿನೊಳಗೆ ನಿಂತು ತಣ್ಣಗಾಗಬೇಕು ಎಂದು ಅವನಿಗೆ ಗೊತ್ತಿತ್ತು. ಎಷ್ಟು ಹೋಟೆಲಿನವರಿಗೆ ಅವನೇ ಅದನ್ನು ಹೇಳಿಕೊಟ್ಟಿದ್ದ. ಆದರೆ ಭಾವಮೈದುನ ಆಗಲೇ ಲೋಟ ಹಿಡಿದು ನಿಂತಿದ್ದ, ಮಾವ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ನಿಜ ಹೇಳಬೇಕೆಂದರೆ ತಂಪಣ್ಣನ ಬಾಯಲ್ಲೂ ನೀರೂರಿತ್ತು. ಪೈಪು ಸಿಕ್ಕಿಸಿ, ಗ್ಯಾಸ್ ತಿರುಗಿಸಿ, ನಲ್ಲಿ ಎಳೆದ.

ಬುಸ್ ಎಂದು ನೊರೆ ಬಂತು. ಲೋಟ ತುಂಬ ನೊರೆ. ಎರಡನೇ ಲೋಟ, ಅದೂ ನೊರೆ. ಜಗ್ಗು ಹಿಡಿದರು, ಜಗ್ಗೂ ತುಂಬಿ ಅವನ ಮೊಣಕೈವರೆಗೆ ಹರಿಯಿತು.

"ಕ್ಲಚ್ ನಿಧಾನ ಬಿಡಬೇಕು ಭಾವ. ನೀವು ಒಂದೇ ಸಲ ಬಿಡ್ತಿದೀರ."

"ಇದರಲ್ಲಿ ಕ್ಲಚ್ ಇಲ್ಲ ಕಣೋ!"

"ಪೈಪು ಗಿಡ್ಡ ಆಯ್ತು," ಎಂದರು ಮಾವ ಕೂತಲ್ಲಿಂದಲೇ.

"ಮಾವ, ಪೈಪಿಂದಲ್ಲ. ಇವನು ಕುಲುಕಿಸ್ಕೊಂಡು ತಂದಿದ್ದಕ್ಕೆ."

"ಅದೂ ಇರಬಹುದು. ಪೈಪು ಗಿಡ್ಡ."

ತಂಪಣ್ಣ ಫ್ರಿಜ್ಜಿನ ಬಾಗಿಲು ಮುಚ್ಚಿ, ನಾಳೆವರೆಗೂ ಯಾರೂ ಇದರ ತಂಟೆಗೆ ಬರಕೂಡದು ಎಂದು ಸಾರಿದ. ಹೆಂಡತಿ ಒಳಗಿನಿಂದ ಒಂದು ಬಟ್ಟೆ ತಂದು ಅವನ ಕೈಗಿಟ್ಟಳು. ಅವನು ಬಾಲ್ಕನಿಯ ನೆಲ ಒರೆಸಿದ.

ಭಾನುವಾರ ಮಧ್ಯಾಹ್ನ ಥರ್ಮಾಮೀಟರು ಮೂರು ಡಿಗ್ರಿ ತೋರಿಸಿತು. ಅವನು ಲೋಟವನ್ನು ತೊಳೆದು, ತಣ್ಣೀರಿನಲ್ಲಿ ಅದ್ದಿ, ಓರೆಯಾಗಿ ಹಿಡಿದು ನಲ್ಲಿ ಎಳೆದ. ಮತ್ತೆ ನೊರೆ. ನಿನ್ನೆಯಷ್ಟಲ್ಲ, ಆದರೂ ಮುಕ್ಕಾಲು ಲೋಟ ನೊರೆಯೇ. ಗ್ಯಾಸ್ ಕಡಿಮೆ ಮಾಡಿದ. ಆಗ ಬಿಯರು ನಲ್ಲಿಯಿಂದ ಸಣ್ಣಗೆ ತೊಟ್ಟಿಕ್ಕಿತು, ತೊಟ್ಟಿಕ್ಕಿದ್ದೂ ನೊರೆಯಾಯಿತು. ಇಪ್ಪತ್ತೆರಡು ವರ್ಷದ ಅನುಭವ ಬಾಲ್ಕನಿಯಲ್ಲಿ ಮಾವನೆದುರು ಹೀಗೆ ಬುಸುಗುಟ್ಟುತ್ತಾ ಚರಂಡಿ ಸೇರುವುದನ್ನು ನೋಡಲಾಗದೆ ಅವನು ನಲ್ಲಿ ಮುಚ್ಚಿದ.

"ಗುಡ್ಡದ ಮೇಲಿನ ಟ್ಯಾಂಕಿಂದ ಕೆಳಗಿನ ಬೀದಿಗೆ ಮೊದಲು ನೇರ ಪೈಪ್ ಹಾಕಿದ್ರು," ಎಂದು ಮಾವ ಶುರು ಮಾಡಿದರು. "ನಲ್ಲಿ ತಿರುಗಿಸಿದ್ರೆ ನೀರು ಬರ್ತಿರಲಿಲ್ಲ, ಬಾಂಬ್ ಬರ್ತಿತ್ತು. ಆಮೇಲೆ ನಾವು ಸಣ್ಣ ಪೈಪನ್ನ ಉದ್ದಕ್ಕೆ ಸುತ್ತು ಹಾಕಿಸಿ..."

"ಮಾವ, ಇದು ನೀರಲ್ಲ."

"ನೀರಲ್ದೆ ಇನ್ನೇನಪ್ಪಾ? ಸ್ವಲ್ಪ ಕಹಿ ನೀರು."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಸಂಗೀತದ ಟೀಚರು. ಅವರ ಫ್ರಿಜ್ಜು ಬೆಳಗ್ಗಿನಿಂದ ತಣ್ಣಗಾಗುತ್ತಿಲ್ಲ, ತಾಯಿಯ ಇನ್ಸುಲಿನ್ ಒಳಗಿದೆ. "ಭಾನುವಾರ ತೊಂದರೆ ಕೊಡ್ತಿದೀನಿ, ಬೇಜಾರ್ ಮಾಡ್ಕೋಬೇಡಿ ಅಣ್ಣ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಆದರೆ ಇನ್ಸುಲಿನ್ ಎಂದ ಮೇಲೆ ಆಗುವುದಿಲ್ಲ ಅನ್ನುವುದೂ ಹೇಗೆ? ಅವನು ಔಷಧಿಯ ಡಬ್ಬಿಯನ್ನು ಸದ್ಯಕ್ಕೆ ಬೇಕರಿ ಫ್ರಿಜ್ಜಿನ ಮೇಲಿನ ತಟ್ಟೆಯಲ್ಲಿಟ್ಟು, ಟೂಲ್ ಬ್ಯಾಗು ಎತ್ತಿಕೊಂಡು ಕೆಳಗಿಳಿದ. ಮೋಟಾರು ಚಾಲೂ ಮಾಡುವ ರಿಲೇ ಸುಟ್ಟುಹೋಗಿತ್ತು. ವ್ಯಾನಿನಲ್ಲಿ ಹುಡುಕಿ ಹೊಸದು ಹಾಕಿ, ಟೀಚರು ಬಲವಂತವಾಗಿ ಕೊಟ್ಟ ಬಿಸಿ ಬಿಸಿ ಚಹಾ ಕುಡಿದು ಮೇಲೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಮನೆಯೊಳಗಿಂದ ನಗು ಕೇಳಿಸುತ್ತಿತ್ತು. ಭಾವಮೈದುನ, ಜೊತೆಗೆ ಡ್ರೈವಿಂಗ್ ಸ್ಕೂಲಿನ ಇನ್ನಿಬ್ಬರು ಮೇಷ್ಟ್ರುಗಳು ಚಾಪೆ ಹಾಸಿಕೊಂಡು ಕೂತಿದ್ದರು. ಮುಂದೆ ಜಗ್ಗುಗಳು, ಪಾತ್ರೆಗಳು, ಕೊನೆಗೆ ಅನ್ನ ಬಸಿಯುವ ತಪ್ಪಲೆಯೂ ಇತ್ತು.

"ಬನ್ನಿ ಭಾವ, ಬನ್ನಿ! ಪರಿಹಾರ ಸಿಕ್ತು. ನೊರೆನ ಪಾತ್ರೆಗೆ ಹಿಡಿದು ಕಾಲು ಗಂಟೆ ಬಿಟ್ರೆ ತಾನಾಗೇ ಬಿಯರ್ ಆಗುತ್ತೆ. ಸ್ವಲ್ಪ ಸಪ್ಪೆ, ಅಷ್ಟೇ."

ತಂಪಣ್ಣ ನೇರ ಬಾಲ್ಕನಿಗೆ ಹೋಗಿ ನಲ್ಲಿ ಎಳೆದ. ಸ್ಸ್ಸ್ ಎಂದು ಗಾಳಿ ಬಂತು. ಬ್ಯಾರಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ. ಖಾಲಿ ಡಬ್ಬದ ಹಾಗೆ ಮೇಲಕ್ಕೆ ಬಂತು.

"ನೀವು ಮೂರೇ ಜನ ಇಷ್ಟೂ ಕುಡಿದ್ರಾ?"

"ನಾವೆಲ್ಲಿ ಭಾವ? ನಾವು ಬರೋ ಹೊತ್ತಿಗೇ ಅರ್ಧ ಆಗಿತ್ತು."

ಎಲ್ಲರೂ ಮಾವನ ಕಡೆ ನೋಡಿದರು. ಮಾವನಿಗೆ ಸ್ವಲ್ಪವೂ ಮುಜುಗರವಿರಲಿಲ್ಲ. "ಲೈನಲ್ಲಿ ಗಾಳಿ ಸೇರಿತ್ತು. ನಾವು ಯಾವಾಗ್ಲೂ ಮೊದಲು ಗಾಳಿ ಹೊರಗೆ ಬಿಡಿಸ್ತೀವಿ. ಎರಡು ಬಕೆಟ್ ಬಿಡಿಸ್ದೆ. ಇನ್ನೇನು ಸರಿಹೋಗ್ತಿತ್ತು, ಅಷ್ಟ್ರಲ್ಲಿ ಇವರು ಬಂದ್ರು."

"ಆ ಬಕೆಟ್ ಏನ್ಮಾಡಿದ್ರಿ?"

"ಬಚ್ಚಲಿಗೆ ಸುರಿದೆ. ಗಾಳಿನ ಇಟ್ಕೊಂಡು ಏನ್ಮಾಡೋದು?"

ತಂಪಣ್ಣನ ತಾಳ್ಮೆ ಅಲ್ಲಿಗೆ ಮುಗಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದ. ಬಾರಿಗೆ ಹೋದರೆ ಸ್ಪ್ಯಾನರು ಕೈಗೆ ಕೊಡುತ್ತಾರೆ, ಮನೆಗೆ ಬಂದರೆ ಚಹಾ ಕುಡಿಸುತ್ತಾರೆ, ಊರಿಗೆಲ್ಲ ತಂಪು ಮಾಡಿದವನಿಗೆ ಒಂದು ಲೋಟ, ಒಂದೇ ಒಂದು ಲೋಟ ಸಿಗಬಾರದಾ ಎಂದು ಕೂಗಿದ. ಕಾರು ಕಲಿಸುವವರನ್ನು ಬೈದ, ನೀರು ಬಿಡುವವರನ್ನು ಬೈದ, ಮೂರನೇ ಮಹಡಿಯನ್ನೂ ಬೈದ. ಇಬ್ಬರು ಮೇಷ್ಟ್ರುಗಳು ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದರು. "ಒಂದು ಕೆಲಸ ಹೇಳಿದ್ರೆ ಆಗಲ್ಲ ಈ ಮನೇಲಿ! ಎಷ್ಟು ಸಲ ಹೇಳ್ಬೇಕು? ನಾನು ಹೇಳೋದನ್ನ ಇಲ್ಲಿ ಯಾರಾದ್ರೂ ಕಿವಿ ಮೇಲೆ ಹಾಕ್ಕೋತೀರಾ?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯನ್ನು ಫೋನಿನ ಹಾಗೆ ಕಿವಿಗೆ ಹಿಡಿದು, ಅವನದೇ ದನಿಯಲ್ಲಿ, ಗಿರಾಕಿಗಳಿಗೆ ಅವನು ಹೇಳುವ ರಾಗದಲ್ಲೇ ಹೇಳಿದಳು: "ಹಾಂ ಸಾರ್, ನಿಮ್ಮ ಕಂಪ್ಲೇಂಟ್ ತಲೇಲಿದೆ ಸಾರ್. ಇಲ್ಲೇ ಹತ್ತಿರದಲ್ಲೇ ಇದೀನಿ. ನಾಳೆ ಬೆಳಗ್ಗೆ ಮೊದಲು ನಿಮ್ದೇ ಸಾರ್."

ಭಾವಮೈದುನ ಪಕ್ಕನೆ ನಕ್ಕುಬಿಟ್ಟ. ಅವಳು ನಗುತ್ತಿರಲಿಲ್ಲ.

"ನಿಮಗೆ ಎರಡು ದಿನಕ್ಕೇ ಇಷ್ಟು ಸಿಟ್ಟು ಬಂತಲ್ಲ," ಎಂದಳು ತನ್ನ ದನಿಯಲ್ಲಿ. "ನಾನು ಎರಡು ವರ್ಷದಿಂದ ದಾರ ಕಟ್ತಿದೀನಿ. ಬೆಳಗ್ಗೆ ಎದ್ದ ಕೂಡಲೇ ತಟ್ಟೆ ನೀರು ಚೆಲ್ತೀನಿ. ಒಂದಿನ ಆ ನೀರು ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದು ಮೊಣಕೈ ಊದಿಸ್ಕೊಂಡು ಡ್ಯೂಟಿಗೆ ಹೋದೆ. ನಿಮಗೆ ಹೇಳಿದೆ. ನೀವು ಫೋನಲ್ಲಿದ್ರಿ."

ಮೊಣಕೈಯ ವಿಷಯ ತಂಪಣ್ಣನಿಗೆ ನೆನಪಿರಲಿಲ್ಲ. ನೆನಪಿಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಭಾವಮೈದುನ ಪಾತ್ರೆಗಳನ್ನು ಸದ್ದಿಲ್ಲದೆ ಎತ್ತಿಕೊಂಡು ತೊಳೆಯಲು ಹೋದ. ಅವನು ಆ ಮನೆಯಲ್ಲಿ ಪಾತ್ರೆ ತೊಳೆದದ್ದು ಅದೇ ಮೊದಲು.

ತಂಪಣ್ಣ ಕೆಳಗಿಳಿದು ಹೋಗಿ ವ್ಯಾನಿನಲ್ಲಿ ಸ್ವಲ್ಪ ಹೊತ್ತು ಕೂತ. ಬಿಯರಿನ ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ಹರಿಯಬಿಡುವುದೆಂದು ಈಗ ಗೊತ್ತಾಗುತ್ತಿರಲಿಲ್ಲ. ಸೀಟಿನ ಹಿಂದೆ ಒಂದು ಹೊಸ ಬಾಗಿಲ ರಬ್ಬರು ಸುತ್ತಿಟ್ಟಿತ್ತು. ಮನೆಯ ಫ್ರಿಜ್ಜಿನ ಅಳತೆಯದೇ. ಯಾವಾಗಲೋ ತಂದು, ಮೂರು ಮಹಡಿ ಹತ್ತುವಾಗ ಮರೆತು, ಆರು ತಿಂಗಳಿಂದ ಊರೆಲ್ಲ ಸುತ್ತಿಸಿದ್ದ.

ಅವನು ಅದನ್ನು ತೆಗೆದುಕೊಂಡು ಮೇಲೆ ಬಂದು, ಮೊಳೆಯಿಂದ ದಾರ ಬಿಚ್ಚಿದ. ಹಳೆಯ ರಬ್ಬರು ಕಿತ್ತು ಹೊಸದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕೂರಿಸಿದ. ಜೋತುಬಿದ್ದ ಬಾಗಿಲಿನ ಕೀಲಿಗೆ ಎರಡು ವಾಷರ್ ಕೊಟ್ಟ. ಹಿಂದಿನ ಸಣ್ಣ ತೂತಿನಲ್ಲಿ ಕಟ್ಟಿಕೊಂಡಿದ್ದ ಕೊಳೆಯನ್ನು ತಂತಿಯಿಂದ ತೆಗೆದ; ನೀರು ಹೋಗುವ ದಾರಿ ಅದು. ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದರೆ ತಪ್ ಎಂದು ಹಿಡಿದುಕೊಂಡಿತು. ಹೆಂಡತಿ ಬಟಾಣಿ ಸುಲಿಯುತ್ತಾ ಮಧ್ಯೆ ಒಂದು ಸಲ ಗಡಿಯಾರ ನೋಡಿದಳು.

"ನಲವತ್ತು ನಿಮಿಷ," ಎಂದಳು.

ಇಷ್ಟೇ ಇಷ್ಟು ಕೆಲಸ ಎಂಬುದೇ ಅವನಿಗೆ ನಾಚಿಕೆ ತಂದಿತ್ತು. ದೊಡ್ಡ ರಿಪೇರಿಯಾಗಿದ್ದರೆ ಒಂದು ನೆಪವಾದರೂ ಇರುತ್ತಿತ್ತು. "ಮೊಣಕೈ ಈಗ ಹೇಗಿದೆ?" ಎಂದು ಕೇಳಿದ.

"ಅದು ಹೋದ ವರ್ಷದ್ದು ರೀ," ಎಂದು ಅವಳು ತಲೆ ಚಚ್ಚಿಕೊಂಡಳು. ಆದರೆ ಹೇಳುವಾಗ ಅವಳ ತುಟಿಯ ಅಂಚು ಸ್ವಲ್ಪ ಸಡಿಲಾಗಿತ್ತು.

ಎರಡು ವಾರ ಕಳೆದ ಮೇಲೆ ಅವನು ಇನ್ನೊಂದು ಬ್ಯಾರಲ್ ತಂದ. ಈ ಸಲ ತಾನೇ ಹೋಗಿ, ವ್ಯಾನಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿಕೊಂಡು ತಂದ. ಶುಕ್ರವಾರ ಮುಂಜಾನೆ ಅವಳು ಒಂದು ಹಿಡಿ ಹಿಡಿದಳು, ಅವನು ಇನ್ನೊಂದು; ಮಹಡಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು ಹತ್ತಿಸಿದರು. ಪೈಪು ಬದಲಿಸಿದ್ದ. ಬಾರುಗಳಲ್ಲಿ ಕೂಲರಿನಿಂದ ಕೌಂಟರಿಗೆ ಲೈನು ಉದ್ದಕ್ಕೆ ಓಡುತ್ತದೆ. ತಾನು ಫ್ರಿಜ್ಜಿನೊಳಗೆ ಒಂದೂವರೆ ಅಡಿ ತುಂಡು ಸಿಕ್ಕಿಸಿ ಗ್ಯಾಸಿನ ರಭಸವೆಲ್ಲ ನಲ್ಲಿಯ ಬಾಯಲ್ಲಿ ಒಡೆಯುವಂತೆ ಮಾಡಿದ್ದೇ ತಪ್ಪಾಗಿತ್ತು ಎಂದು ಅವನಿಗೆ ವಾರದ ನಡುವೆ, ಯಾರದೋ ಕೌಂಟರಿನ ಕೆಳಗೆ ಮಲಗಿದ್ದಾಗ ಹೊಳೆದಿತ್ತು. ಈಗ ಸಣ್ಣ ಪೈಪನ್ನು ಬ್ಯಾರಲ್ಲಿನ ಸುತ್ತ ಸುರುಳಿ ಸುತ್ತಿದ್ದ. ಮಾವನಿಗೆ ಅದನ್ನು ಹೇಳಿರಲಿಲ್ಲ. ಮಾವ ಬಗ್ಗಿ ನೋಡಿಯೇಬಿಟ್ಟರು.

"ಎಷ್ಟು ಅಡಿ?"

"ಎಂಟು."

"ಹ್ಞಾಂ," ಎಂದರು ಮಾವ.

ಆ ಒಂದು ಹ್ಞಾಂ ತಂಪಣ್ಣನನ್ನು ಇಡೀ ಎರಡು ದಿನ ಚುಚ್ಚಿತು.

ಭಾನುವಾರ ನಾಲ್ಕು ಗಂಟೆಗೆ, ಬೀದಿಯ ಬಿಸಿಲು ಎದುರು ಮನೆಯ ಗೋಡೆ ಹತ್ತಿದ್ದಾಗ, ಅವನು ನಲ್ಲಿ ಎಳೆದ. ಬಿಯರು ಸದ್ದಿಲ್ಲದೆ, ದಾರದ ಹಾಗೆ ಲೋಟದ ಗೋಡೆಗೆ ಇಳಿಯಿತು. ತುಂಬುತ್ತಾ ಬಂದಾಗ ಲೋಟ ನೆಟ್ಟಗೆ ಮಾಡಿದ. ನೊರೆ ಮೇಲೆದ್ದು ಅಂಚಿನಲ್ಲಿ ನಿಂತಿತು. ಕೂತು ಒಂದು ಗುಟುಕು ಕುಡಿದ. ಎರಡನೆಯದು. ಬಾಗಿಲು ಬಡಿಯಲಿಲ್ಲ, ಫೋನು ಬರಲಿಲ್ಲ. ಹೆಗಲುಗಳು ತಾವಾಗಿ ಕೆಳಗಿಳಿದವು.

ಹೆಂಡತಿ ಪಕ್ಕದಲ್ಲಿ ಕೂತು ಅವನ ಲೋಟ ತೆಗೆದುಕೊಂಡು ರುಚಿ ನೋಡಿದಳು. "ಥೂ, ಕಹಿ. ಇದಕ್ಕಾ ಇಷ್ಟು ರಂಪ?" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದುಕೊಂಡು ಇನ್ನೊಂದು ಗುಟುಕು ಕುಡಿದಳು. ಲೋಟ ಹಿಂದಕ್ಕೆ ಬರಲಿಲ್ಲ.

ಅವನು ತನಗೆ ಇನ್ನೊಂದು ತುಂಬಿಸಿಕೊಳ್ಳಲು ಎದ್ದ. ಗ್ಯಾಸು ಒಂಚೂರು ಕಡಿಮೆ ಮಾಡೋಣವೆಂದು ಫ್ರಿಜ್ಜಿನ ಬಾಗಿಲು ತೆಗೆದರೆ ಒಂದು ಹೂಕೋಸು ಉರುಳಿ ಪಾದದ ಮೇಲೆ ಬಿತ್ತು. ಒಳಗೆ ಬ್ಯಾರಲ್ಲಿನ ಸುತ್ತ ಸೊಪ್ಪಿನ ಕಟ್ಟು, ಟೊಮೆಟೊ, ಎರಡು ಪ್ಯಾಕೆಟ್ ಹಾಲು. ರೆಗ್ಯುಲೇಟರಿನ ಮೇಲೆ ಕ್ಯಾರೆಟ್ಟಿನ ಚೀಲ ಒರಗಿಕೊಂಡಿತ್ತು.

"ಇದನ್ನೆಲ್ಲ ಯಾವಾಗ ತುಂಬಿದೆ? ನೋಡು, ಬಾಗಿಲು ಪದೇಪದೇ ತೆಗೆದ್ರೆ ಬ್ಯಾರಲ್ ಬೆಚ್ಚಗಾಗುತ್ತೆ, ಬೆಚ್ಚಗಾದ್ರೆ ಮತ್ತೆ ನೊರೆ..."

"ಅರ್ಧ ಫ್ರಿಜ್ ನಂದು," ಎಂದಳು ಅವಳು ಬೀದಿ ನೋಡುತ್ತಾ. "ಬಲಗಡೆ ಅರ್ಧ."

"ಬಲಗಡೇಲೇ ಸಿಲಿಂಡರ್ ಇರೋದು ಮಾರಾಯ್ತಿ!"

"ಎಡಗಡೆಗೆ ಇಡಿ. ಮೆಕ್ಯಾನಿಕ್ ಅಲ್ವಾ ನೀವು?"

"ಸಿಲಿಂಡರ್ ಎಡಗಡೆಗೆ ಹಾಕಿದ್ರೆ ಪೈಪ್ ಇನ್ನೂ ಎರಡಡಿ ಬೇಕಾಗುತ್ತೆ," ಎಂದು ಮಾವ ಕೋಣೆಯೊಳಗಿಂದ ಕೂಗಿದರು.

ತಂಪಣ್ಣ ಕ್ಯಾರೆಟ್ಟಿನ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ರೆಗ್ಯುಲೇಟರ್ ತಿರುಗಿಸಿ, ಕಾಲಿನಿಂದ ಬಾಗಿಲು ಮುಚ್ಚಿ, ಲೋಟವನ್ನು ನಲ್ಲಿಗೆ ಹಿಡಿದ.